ನಿಂತ ಮೇಲೆ ಬನ್ನಿ ಎಂದವರಿಗೆ

ಸರ್ಕಾರಿ ಖರ್ಚಿನ ಶಸ್ತ್ರಚಿಕಿತ್ಸೆಗಳಿಗೆ ಅನುಮತಿ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮೊಮ್ಮಗಳ ಬಲಗಾಲಿನಲ್ಲಿ ಆರು ಬೆರಳುಗಳಿವೆ. ಅವಳು ನಿಂತು ನಡೆಯುವ ಮೊದಲೇ ಅದನ್ನು ಸರಿಪಡಿಸಿದರೆ ಒಳ್ಳೆಯದೆಂದು ಶಸ್ತ್ರವೈದ್ಯೆ ಬರೆದುಕೊಟ್ಟಿದ್ದಾರೆ. ಅವಳು ನಿಂತಿರುವ ಫೋಟೋ ತರುವವರೆಗೆ ಅನುಮತಿ ಇಲ್ಲವೆಂದು ತಾವು ಬರೆದುಕೊಟ್ಟಿದ್ದೀರಿ. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ. ತಲೆ ಕೆಟ್ಟಿರುವುದು ನನಗೋ ತಮ್ಮ ಕಚೇರಿಗೋ ಎಂಬ ಅನುಮಾನ ಮೊದಮೊದಲು ಇತ್ತು. ಈಗ ಅದು ಬಗೆಹರಿದಿದೆ, ಹಾಗಾಗಿ ಎಲ್ಲರೂ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ತಮ್ಮ ವರ್ಗೀಕರಣದ ಸೊಗಸೇ ಸೊಗಸು. ಜಗತ್ತಿನ ಹೆಚ್ಚುವರಿ ಕಾಲ್ಬೆರಳುಗಳನ್ನೆಲ್ಲ ತಾವು ಎರಡೇ ಎರಡು ಗುಂಪು ಮಾಡಿ ಕೈತೊಳೆದುಕೊಂಡಿದ್ದೀರಿ. ಒಂದನೇ ವರ್ಗ ಸೌಂದರ್ಯಕ್ಕೆ ಸಂಬಂಧಿಸಿದ್ದು, ಅದಕ್ಕೆ ಅನುಮತಿ ಇಲ್ಲ. ಎರಡನೇ ವರ್ಗ ನಡಿಗೆಗೆ ತೊಂದರೆ ಕೊಡುವಂಥದ್ದು, ಅದಕ್ಕೆ ಉಂಟು. ತೊಂದರೆ ಇದೆಯೆಂದು ಸಾಬೀತುಪಡಿಸುವುದು ಹೇಗೆ? ರೋಗಿಯು ಯಾರ ಆಸರೆಯೂ ಇಲ್ಲದೆ ನಿಂತಿರುವ ಫೋಟೋ ಕೊಡಬೇಕು. ರೋಗಿಗೆ ಇನ್ನೂ ವರ್ಷ ತುಂಬಿಲ್ಲದಿದ್ದರೆ? ನಡೆಯಲು ಬಾರದ ಮಗುವಿಗೆ ನಡೆಯಲು ತೊಂದರೆ ಇರುವುದಾದರೂ ಹೇಗೆ, ಅಲ್ಲವೇ? ಆದ್ದರಿಂದ ಮಗು ಒಂದನೇ ವರ್ಗ. ಇಂಥ ತರ್ಕ ಹೊಳೆಯಬೇಕಾದರೆ ಎಷ್ಟು ಸಭೆಗಳು ಬೇಕಾದವೋ, ಎಷ್ಟು ಲೋಟ ಚಹಾ ಖರ್ಚಾಯಿತೋ ನಾನರಿಯೆ.

ಸೌಂದರ್ಯ ನನ್ನ ಕಸುಬು, ಸ್ವಾಮಿ. ನಾನು ಬ್ಯೂಟಿ ಪಾರ್ಲರ್ ನಡೆಸುವವಳು. ಮದುವೆಯ ಹಿಂದಿನ ದಿನ ಓಡಿಬರುವ ಹುಡುಗಿಯರ ಹುಬ್ಬು ತೀಡುತ್ತಾ, ಅವರ ಅಮ್ಮಂದಿರ ಬಿಳಿಕೂದಲಿಗೆ ಬಣ್ಣ ಹಚ್ಚುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ಮೊಮ್ಮಗಳ ಕಾಲು ಚೆಂದ ಕಾಣಲಿ ಎಂಬುದಷ್ಟೇ ನನ್ನ ಆಸೆಯಾಗಿದ್ದರೆ ಆರೂ ಉಗುರಿಗೆ ಬಣ್ಣ ಹಚ್ಚಿ ಮುದ್ದಾಡಿಕೊಂಡು ಇರುತ್ತಿದ್ದೆ. ಆ ಆರನೆಯದೂ ಮುದ್ದಾಗಿಯೇ ಇದೆ. ತಕರಾರು ಅದರ ಬುಡದ ಮೂಳೆಯದು.

ಶಸ್ತ್ರವೈದ್ಯೆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಮಗಳಿಗೆ ಬಿಡಿಸಿ ಹೇಳಿದರು. "ನೋಡಮ್ಮಾ, ಕಿರುಬೆರಳಿನ ಜಾಗದಲ್ಲಿ ಮೇಲೆ ಎರಡು ಬೆರಳು ಕಾಣ್ತಿದೆ. ಆದ್ರೆ ಒಳಗೆ ಪಾದದ ಮೂಳೆ ಒಂದೇ, ಅದು ತುದೀಲಿ ಕವಲೊಡೆದಿದೆ. ಕೆಲವು ಮಕ್ಕಳಿಗೆ ಬರೀ ಚರ್ಮದಲ್ಲಿ ನೇತಾಡ್ತಿರತ್ತೆ, ಕೆಲವರಿಗೆ ಬುಡದಿಂದಲೇ ಬೇರೆ ಮೂಳೆ ಇರತ್ತೆ. ಒಂದೊಂದಕ್ಕೂ ಆಪರೇಷನ್ ಬೇರೆ. ನಿಮ್ಮ ಮಗೂಗೆ ಬೆರಳಿನ ಜೊತೆ ಆ ಕವಲನ್ನೂ ತೆಗೀಬೇಕು." ಆಮೇಲೆ ಮಾಡಿದರೆ ಆಗದೇ ಎಂದು ಅಳಿಯ ಕೇಳಿದ. "ಆಗಲ್ಲ ಅಂತಲ್ಲ. ಆದ್ರೆ ಓಡಾಡೋ ಮಗೂನ ಬ್ಯಾಂಡೇಜ್ ಹಾಕಿ ಹೇಗಪ್ಪಾ ಕೂರಿಸ್ತೀರ? ಭಾರ ಬೀಳೋ ಮುಂಚೆ ಮಾಡಿದ್ರೆ ಅವಳಿಗೂ ಸಲೀಸು, ನಮಗೂ ಸಲೀಸು" ಎಂದರು. ವರ್ಗೀಕರಣವೆಂದರೆ ಅದು. ಯಾವ ಕಾಲಿಗೆ ಯಾವ ಚಿಕಿತ್ಸೆ ಎಂದು ತಿಳಿಯಲು ಅವರು ವಿಂಗಡಿಸುತ್ತಾರೆ, ಯಾರನ್ನು ಬಾಗಿಲಿನಿಂದಾಚೆ ಅಟ್ಟಬಹುದೆಂದು ತಿಳಿಯಲು ತಾವು ವಿಂಗಡಿಸುತ್ತೀರಿ.

ಆ ಎಕ್ಸ್‌ರೇ ಹಿಡಿದುಕೊಂಡು ನಾನೂ ಮಗಳೂ ತಮ್ಮ ಕಚೇರಿಗೆ ಬಂದೆವು. ಮೊಮ್ಮಗಳು ಸೊಂಟದ ಮೇಲಿದ್ದಳು. ಅವಳ ದನಿ ದೊಡ್ಡದು, ಮನೆಯಲ್ಲಿ ಎಲ್ಲರೂ ಜೋರಮ್ಮ ಎಂದೇ ಕರೆಯುತ್ತೇವೆ. ಗಾಜಿನ ಹಿಂದಿದ್ದ ತಮ್ಮ ಗುಮಾಸ್ತರು ಎಕ್ಸ್‌ರೇಯನ್ನು ಲಕೋಟೆಯಿಂದ ಹೊರಗೂ ತೆಗೆಯಲಿಲ್ಲ.

"ಇದು ಎರಡನೇ ವರ್ಗದವರಿಗೆ ಮಾತ್ರ ಅಮ್ಮಾ."

"ಎರಡನೇ ವರ್ಗ ಹೌದೋ ಅಲ್ವೋ ಅಂತ ಇದನ್ನ ನೋಡಿದ್ರೆ ತಾನೇ ಗೊತ್ತಾಗೋದು?" ಎಂದೆ.

"ನಿಂತಿರೋ ಫೋಟೋ ತನ್ನಿ. ಅದು ಪಾಸಾದ್ರೆ ಎಕ್ಸ್‌ರೇ ನೋಡ್ತಾರೆ."

"ಅಯ್ಯೋ, ಮಗು ಇನ್ನೂ ನಿಲ್ಲೋದೇ ಇಲ್ಲ ಕಣ್ರೀ! ನಿಲ್ಲೋ ಮುಂಚೆ ಆಪರೇಷನ್ ಆಗ್ಬೇಕು ಅಂತಾನೇ ನಾವು ಬಂದಿರೋದು."

"ಹಾಗಾದ್ರೆ ನಿಂತ ಮೇಲೆ ಬನ್ನಿ" ಎಂದವರೇ ಹಿಂದಿನವರನ್ನು ಕರೆದರು. ಜೋರಮ್ಮ ತನ್ನ ಅಭಿಪ್ರಾಯವನ್ನು ಕಚೇರಿಯೆಲ್ಲ ಕೇಳುವಂತೆ ತಿಳಿಸಿದಳು. ನಾನೂ ಸುಮ್ಮನಿರಲಿಲ್ಲವೆಂದು ತಮಗೆ ವರದಿ ಬಂದಿರಬಹುದು.

ಸೋಲೊಪ್ಪದ ನನ್ನ ಅಳಿಯ ಮಗುವಿನ ಕಂಕುಳಿಗೆ ಕೈಕೊಟ್ಟು ಎತ್ತಿಹಿಡಿದು, ಪಾದ ನೆಲಕ್ಕೆ ತಾಗಿಸಿ ಫೋಟೋ ತೆಗೆಸಿ ಕಳಿಸಿದ. ಆಸರೆ ಕಾಣುತ್ತಿದೆ ಎಂದು ಅದು ವಾಪಸ್ಸು ಬಂತು. ಕಾಣದೆ ಇರುತ್ತದೆಯೇ? ಅಪ್ಪ ಎಂಬ ಪ್ರಾಣಿ ಮಕ್ಕಳ ಹಿಂದೆ ಇರುವುದೇ ಆಸರೆಗೆಂದು ತಮ್ಮ ನಿಯಮಾವಳಿಗೆ ಗೊತ್ತಿಲ್ಲದಿದ್ದರೆ ನಾವೇನು ಮಾಡೋಣ?

ಒಂದು ಬೆರಳಿಗೆ ಈ ಮುದುಕಿ ಯಾಕಿಷ್ಟು ಕೂಗಾಡುತ್ತಾಳೆ ಎನ್ನಿಸಬಹುದು. ಹೇಳುತ್ತೇನೆ, ಕೇಳಿ. ಜೋರಮ್ಮನಿಗೆ ಈ ಕಾಲು ಬಂದಿದ್ದು ನನ್ನಿಂದ. ನನಗೂ ಬಲಗಾಲಿನ ಅದೇ ಜಾಗದಲ್ಲಿ ಆರನೆಯದೊಂದಿತ್ತು. ಓರಗೆಯ ಮಕ್ಕಳು ಆಡಿಕೊಳ್ಳುತ್ತಾರೆಂದು ಅಮ್ಮ ನನ್ನನ್ನು ಒಬ್ಬ ಡಾಕ್ಟರ ಬಳಿ ಕರೆದೊಯ್ದಳು. ಅವರು ಮೇಲಿಂದ ಒಮ್ಮೆ ನೋಡಿ, "ಇದೇನು ಮಹಾ, ತೆಗೆದು ಬಿಸಾಕಿದ್ರೆ ಆಯ್ತು" ಎಂದರು, ತೆಗೆದೂ ಬಿಸಾಕಿದರು. ಒಳಗೇನಿದೆ ಎಂದು ಯಾರೂ ನೋಡಲಿಲ್ಲ. ಗಾಯ ಮಾಗಿದ ಮೇಲೆ ಕಾಲು ಬಹಳ ಚೆಂದ ಕಂಡಿತು. ತಾವು ನೋಡಿದ್ದರೆ ಮೆಚ್ಚುತ್ತಿದ್ದಿರಿ.

ಒಳಗೆ ಉಳಿದಿದ್ದ ಕವಲು ನನ್ನ ಜೊತೆಗೇ ಬೆಳೆಯಿತು. ಇಂದಿಗೂ ಪಾದದ ಹೊರಬದಿಯಲ್ಲಿ ಮೂಳೆಯ ಗಂಟೊಂದು ಉಬ್ಬಿ ನಿಂತಿದೆ. ಯಾವ ಚಪ್ಪಲಿ ಕೊಂಡರೂ ಮೊದಲು ಬ್ಲೇಡಿನಿಂದ ಆ ಜಾಗ ಕತ್ತರಿಸಿಕೊಳ್ಳುತ್ತೇನೆ. "ಏನೇ, ಇದಕ್ಕೂ ಕಿಟಕಿ ಇಡಿಸಿಬಿಟ್ಯಾ?" ಎಂದು ನಮ್ಮ ಮನೆಯವರು ಬದುಕಿದ್ದಷ್ಟು ದಿನವೂ ರೇಗಿಸಿದರು. ಪಾರ್ಲರಿನ ಕೆಲಸವೆಲ್ಲ ನಿಂತುಕೊಂಡೇ ಮಾಡುವಂಥದ್ದು. ಸಂಜೆಯ ಹೊತ್ತಿಗೆ ಆ ಗಂಟು ಕೆಂಡವಾಗಿ, ಒಂದು ಕಾಲಿನ ಮೇಲೆ ಭಾರ ಹಾಕಿ ಕತ್ತರಿ ಆಡಿಸಿದ್ದೇನೆ. ಬಂದವರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ನಕ್ಕರೆ ನಾನೂ ಹಲ್ಲು ಕಚ್ಚಿ ನಕ್ಕಿದ್ದೇನೆ. ಈ ನೋವು ನನ್ನ ಮೊಮ್ಮಗಳಿಗೆ ಬೇಡ. ನನಗೆ ಬೇಕಾಗಿರುವುದು ಇಷ್ಟೇ.

ಹೀಗಾಗಿ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಕಾವಲು ಶುರುವಾಯಿತು. ಮನವಿ, ಮೇಲ್ಮನವಿ ಎಂದು ಅಳಿಯ ಅಲೆಯುತ್ತಿದ್ದರೆ, ಮಗು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಮತ್ತು ಮಗಳ ಪಾಲಿಗೆ ಬಂತು. ಕುರ್ಚಿ ಹಿಡಿದರೆ ಬಿಡಿಸು, ಗೋಡೆಗೆ ಕೈ ಇಟ್ಟರೆ ಎತ್ತಿಕೋ. ಬೇರೆ ಮನೆಗಳಲ್ಲಿ ಅಜ್ಜಿಯಂದಿರು ಕೈಹಿಡಿದು ನಡೆಸುತ್ತಾರೆ, ನಾನು ಹಿಡಿದೆಳೆದು ಕೂರಿಸುತ್ತಿದ್ದೆ. "ಯಾಕ್ರೀ ಮಗೂನ ನೆಲಕ್ಕೇ ಬಿಡಲ್ಲ?" ಎಂದು ಪಕ್ಕದ ಮನೆಯಾಕೆ ಕೇಳಿದಾಗ ಏನೆಂದು ಹೇಳಲಿ? ಮಗು ತಾನಾಗಿ ನಿಲ್ಲುವಷ್ಟರಲ್ಲಿ ಮೇಲ್ಮನವಿಯಿಂದಾದರೂ ಅನುಮತಿ ಸಿಕ್ಕೀತೆಂಬ ಮೂರ್ಖ ಆಸೆ ಇತ್ತು ನಮಗೆ.

ನಿನ್ನೆ ಪಾರ್ಲರಿನಲ್ಲಿ ನಾನೊಬ್ಬರ ತಲೆ ತೊಳೆಯುತ್ತಿದ್ದೆ. ಜೋರಮ್ಮ ತಿರುಗುವ ಕುರ್ಚಿಯ ಕಾಲಿಡುವ ಪಟ್ಟಿ ಹಿಡಿದು ಎದ್ದಳು. ನನ್ನ ಕೈತುಂಬಾ ನೊರೆ. ನಾನು ಓಡುವಷ್ಟರಲ್ಲಿ ಕುರ್ಚಿ ತಿರುಗಿತು, ಅವಳು ಕೈಬಿಟ್ಟಳು, ಬೀಳಲಿಲ್ಲ. ನಿಂತೇ ಇದ್ದಳು! ಕಾಯುತ್ತಿದ್ದ ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಅವಳು ಕಿಲಕಿಲ ನಕ್ಕಳು. ಅಷ್ಟರಲ್ಲಿ ಒಳಗಿನಿಂದ ಬಂದ ನನ್ನ ಮಗಳು ಬಾಗಿಲಲ್ಲೇ ನಿಂತು, "ಕೂತ್ಕೋ ಕಂದಾ, ಕೂತ್ಕೋ" ಎಂದು ಅಳತೊಡಗಿದಳು.

ಮಗು ಮೊದಲ ಸಲ ಎದ್ದು ನಿಂತಾಗ ಕೂತುಕೋ ಎಂದು ಗೋಗರೆಯುವ ತಾಯಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ, ಮತ್ತು ಅವಳನ್ನು ಆ ಸ್ಥಿತಿಗೆ ತಂದವರು ತಾವು. ಅದನ್ನು ನಾನು ಮರೆಯುವುದಿಲ್ಲ.

ನನ್ನ ಬೇಡಿಕೆ ಕೇಳಿ. ಮೇಲ್ಮನವಿಯ ಜೊತೆಗಿರುವ ಆ ಎಕ್ಸ್‌ರೇಯನ್ನು ಈ ವಾರವೇ ಲಕೋಟೆಯಿಂದ ಹೊರತೆಗೆದು, ಮೂಳೆ ಓದಲು ಬರುವ ವೈದ್ಯರ ಕೈಗೆ ಕೊಟ್ಟು, ಶಸ್ತ್ರಚಿಕಿತ್ಸೆಗೆ ಅನುಮತಿ ಕೊಡಿ. ನಿಲ್ಲಲು ಬಾರದ ಮಕ್ಕಳನ್ನು ನಿಲ್ಲಿಸಿ ನೋಡುವ ಆ ನಿಯಮವನ್ನು ಕಿತ್ತುಹಾಕಿ. ನಮಗೆ ತಡವಾಯಿತು. ಇನ್ನೂ ಅಂಬೆಗಾಲಿಡುತ್ತಿರುವ ಎಷ್ಟೋ ಮಕ್ಕಳಿಗೆ ಸಮಯವಿದೆ.

ತಾವು ಕೇಳಿದ್ದ ಫೋಟೋ ಈ ಪತ್ರದೊಂದಿಗಿದೆ. ಕಾಯುತ್ತಿದ್ದ ಹೆಂಗಸರಲ್ಲಿ ಒಬ್ಬರು ಸಂಭ್ರಮದಿಂದ ತೆಗೆದದ್ದು. ಆರೂ ಬೆರಳು ಕಾಣುತ್ತವೆ, ಯಾರ ಆಸರೆಯೂ ಇಲ್ಲ. ಹಿಂದೆ ಮಸುಕಾಗಿ ಕಾಣುವ, ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸು ಅವಳ ತಾಯಿ.

ಇಂತಿ,
ಸೌಂದರ್ಯಕ್ಕಷ್ಟೇ ಸಂಬಂಧಿಸಿದ ಕಾಲಿನ ಮೇಲೆ ಜೀವಮಾನವಿಡೀ ಕುಂಟಿದ
ಜೋರಮ್ಮನ ಅಜ್ಜಿ