ಲಿಲಾಂಗ್ವೆಗೆ ಬರುವ ಮುಂಚೆ

ಗುರುಪುರ, ಹುಣಸೂರು ತಾಲ್ಲೂಕು
22 ಆಗಸ್ಟ್ 2024

ಅಪ್ಪಾಜಿಗೆ ರೂಪ ಮಾಡುವ ನಮಸ್ಕಾರ.

ನಾನು ಪಿಯುಸಿ ಪರೀಕ್ಷೆ ಬರೆದಿಲ್ಲ. ಬರೆದೆ, ಪಾಸಾದೆ ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳು. ಮಾರ್ಚ್‌ನಲ್ಲಿ ಹುಣಸೂರಿನ ಪರೀಕ್ಷಾ ಕೇಂದ್ರದ ಗೇಟಿನವರೆಗೆ ಹೋಗಿ ವಾಪಸ್ ಬಸ್ಸು ಹತ್ತಿದೆ. ನೀವಿರುವ ಲಿಲಾಂಗ್ವೆಯ ಕಾಲೇಜಿಗೆ ಸೇರಿಸುತ್ತೇನೆಂದು ನೀವು ಟಿಕೆಟ್ ಕಳಿಸಿದ್ದೀರಿ. ಇದನ್ನು ಹೇಳದೆ ವಿಮಾನ ಹತ್ತಲು ನನ್ನಿಂದಾಗದು. ಫೋನಿನಲ್ಲಾದರೆ ಮತ್ತೆ ಸುಳ್ಳು ಬಂದೀತು. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ಈಗ ದೊಡ್ಡಮ್ಮನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತೇನೆ. ಸೊಪ್ಪು ಹದವಾಗುವ ಐದಾರು ದಿನ ಉರಿ ಬಿಟ್ಟು ಏಳುವಂತಿಲ್ಲ. "ರಾಯಭಾರಿ ಮಗ್ಳು ಮಸಿ ಬಳ್ಕೊಂಡು ಕೂತವ್ಳೆ, ನಿಮ್ಮಪ್ಪ ನೋಡುದ್ರೆ ನನ್ನೇ ಒಲೆಗಾಕ್ತಾನೆ ಕಣವ್ವ" ಅಂತ ದೊಡ್ಡಮ್ಮ ನಗುತ್ತಾಳೆ.

ಕಂಪಾಲ, ಡಕಾರ್, ಈಗ ಲಿಲಾಂಗ್ವೆ. ಮೂರು ವರ್ಷಕ್ಕೊಂದು ದೇಶ, ನನಗೊಂದು ಹೊಸ ಶಾಲೆ. ಡಕಾರಿನಲ್ಲಿ ಪಾಠವೆಲ್ಲ ಫ್ರೆಂಚಿನಲ್ಲಿ; ವರ್ಷವಿಡೀ ಬಾಯಿ ಬಿಡದೆ ಕೂತೆ. ಆದರೆ ನಿಮ್ಮ ಕೆಲಸದಿಂದಲೇ ಓದು ಬಿಟ್ಟೆ ಎಂದರೆ ಅದೂ ಸುಳ್ಳು. ನನಗೆ ಪುಸ್ತಕದ ಮುಂದೆ ಕೂರಲು ಆಗುತ್ತಿರಲಿಲ್ಲ, ಅಷ್ಟೆ.

ನಾನು ಶಾಲೆ ಬಿಟ್ಟಾಗ ನೀವು ಎರಡು ದಿನ ಊಟ ಮಾಡಲಿಲ್ಲ. ಊರಿನಲ್ಲಿದ್ದು ಪರೀಕ್ಷೆ ಕಟ್ಟಲಿ ಎಂದು ಇಲ್ಲಿಗೆ ಕಳಿಸಿದಿರಿ. ಅಮ್ಮನೂ ಶಾಲೆ ಬಿಟ್ಟವಳೇ. ಕೆ.ಆರ್. ನಗರದಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವಳು ನಿಮ್ಮ ಮೊದಲ ವಿದೇಶಿ ಪೋಸ್ಟಿಂಗಿಗಾಗಿ ರಾಜೀನಾಮೆ ಕೊಟ್ಟಳು. ಆಗ ಯಾರೂ ಊಟ ಬಿಡಲಿಲ್ಲ.

ಹೋದ ವಾರ ಸ್ವಾತಂತ್ರ್ಯ ದಿನದ ಔತಣದ ಫೋಟೊ ಕಳಿಸಿದಿರಿ. ಅಮ್ಮ ರೇಷ್ಮೆ ಸೀರೆಯುಟ್ಟು ನಗುತ್ತಿದ್ದಳು. ಅದೇ ಸಂಜೆ ನನಗೆ ಫೋನ್ ಮಾಡಿದಳು. ನಾಲ್ಕು ತಿಂಗಳಿಂದ ಒಬ್ಬಳೇ ಮನೆಯ ಗೇಟು ದಾಟಿಲ್ಲವಂತೆ. ಕಾರು ಬೇಕೆಂದರೆ ನಿಮ್ಮನ್ನು ಕೇಳಬೇಕಂತೆ. "ಅಡುಗೆಯವನ ಮಗಳಿಗೆ ಮಗ್ಗಿ ಹೇಳಿಕೊಡ್ತಿದ್ದೆ ಕಣೇ, ನಮ್ಮ ಅಂತಸ್ತಿಗೆ ಸರಿಯಲ್ಲ ಅಂತ ಅದನ್ನೂ ಬಿಡಿಸಿದ್ರು" ಅಂದಳು. ನಿಮಗೆ ಹೇಳಬೇಡ ಎಂದಿದ್ದಳು. ಹೇಳುತ್ತಿದ್ದೇನೆ.

ನೀವು ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ಗಂಟೆಗೊಮ್ಮೆ ಯಾವುದೋ ಸಭೆ, ಯಾವುದೋ ಮಂತ್ರಿ. ನಿಮಗೂ ಆ ಗೋಡೆಯೊಳಗೆ ಉಸಿರು ಕಟ್ಟುತ್ತಿರಬಹುದು. ಆದರೆ ನಿಮಗೆ ಹೊರಗೆ ಹೋಗಲು ಕಾರಿದೆ.

ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ, ಅಮ್ಮನನ್ನಲ್ಲ.

ಇಂತಿ,
ಓದದ ನಿಮ್ಮ ಮಗಳು
ರೂಪಶ್ರೀ

ಇನ್ನೊಂದು ಮಾತು: ಅಮ್ಮನ ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿದೆಯಂತೆ. ಅವಳು ಕೇಳಲಾರಳು, ಅದಕ್ಕೆ ನಾನು ಕೇಳುತ್ತಿದ್ದೇನೆ. ತೆಗೆದಿಡಿ. ಕಾಲೇಜಿಗಲ್ಲ, ಅವಳನ್ನು ಊರಿಗೆ ಕರೆದುಕೊಂಡು ಹೋಗಲು ಬರುತ್ತಿದ್ದೇನೆ. ನಾಳೆ ಬೆಳಗ್ಗೆ ಹೊರಡುತ್ತೇನೆ.