ಮಾವನ ಹೆಸರು ಕೇಳುವ ಯಂತ್ರ

ಜಿಲ್ಲೆಯ ಮಾನ್ಯ ಆರೋಗ್ಯಾಧಿಕಾರಿಗಳೇ,

ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ತಾವು ನಿಲ್ಲಿಸಿದ ಮಾತಾಡುವ ಯಂತ್ರ ನಮಗೆ ಬೇಡ. ಮೂರು ದಿನದಿಂದ ನಿದ್ದೆಗೆಟ್ಟವಳಿಗೆ ಇದಕ್ಕಿಂತ ವಿನಯವಾಗಿ ಬರೆಯಲು ಬರುವುದಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನ ಹತ್ತು ತಿಂಗಳ ಮಗ ತಿಲೆಕ್‌ನ ಮೈ ಕೆಂಡವಾಗಿತ್ತು. ಯಂತ್ರದ ಮುಂದೆ ನಾನೂ ಅತ್ತೆಯೂ ನಿಂತೆವು. ‘ಮಗುವಿನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿ’ ಎಂದಿತು. ಪೂರ್ತಿ ಹೆಸರಿನ ಕೊನೆಗೆ, ಮನೆತನದ ಹೆಸರಾಗಿ, ಅಜ್ಜನ ಹೆಸರಿದೆ, ಅಂದರೆ ನನ್ನ ಮಾವನದು. ಕಿರ್ಗಿಜ್ ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಅತ್ತೆಗಂತೂ ಅವರು ಗಂಡ. ಕಾಲೇಜು ಓದಿದ ನಾನೂ ಈ ಪದ್ಧತಿಗೆ ನಕ್ಕವಳೇ, ಅತ್ತೆ ಪಕ್ಕದಲ್ಲಿ ಇಲ್ಲದಾಗ.

ಅತ್ತೆ ಯಂತ್ರದ ಕಿವಿ ಎಲ್ಲಿದೆಯೆಂದು ಹುಡುಕಿ ಬಗ್ಗಿದರು. “ನಮ್ಮ ಯಜಮಾನ್ರ ಮೊಮ್ಮಗ ಕಣಪ್ಪ! ಗಿರಣಿ ಪಕ್ಕದ ಮನೆ!”

‘ದಾಖಲೆಯಲ್ಲಿ ಇಲ್ಲ.’

“ಬೇಗ ಹೇಳ್ರೀ, ಮಗು ಅಳ್ತಿದೆ,” ಎಂದಳು ಹಿಂದೆ ನಿಂತವಳು.

“ನಿನ್ನ ಮಾವನ ಹೆಸರು ನೀ ಹೇಳ್ತೀಯೇನೇ? ಹೇಳು ನೋಡೋಣ!” ಅತ್ತೆ ತಿರುಗಿದರು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಸಾಲಿನಲ್ಲಿದ್ದವರೆಲ್ಲ ಸೊಸೆಯರೇ ತಾನೆ?

ಮೊದಲು ಆ ಬಾಗಿಲ ಪಕ್ಕದ ಕಿಟಕಿಯಲ್ಲಿ, ಹೆಸರು ನೋಂದಾಯಿಸಲು, ನಾವೆಲ್ಲ ಅಪಾ ಎಂದು ಕರೆಯುವ ಹಿರಿಯರು ಬುರ್ಮಾ ಅಪಾ ಕೂರುತ್ತಿದ್ದರು. ಸೊಸೆ ಬಂದರೆ ಚೀಟಿ, ಪೆನ್ಸಿಲು ಮುಂದೆ ತಳ್ಳುತ್ತಿದ್ದರು, ಬರೆದರೆ ಮುಗಿಯಿತು. ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತಮ್ಮ ಜಾಣರು ಅಜ್ಜಿಯರಿಗೆ ಬರೆಯುವುದು ಕಷ್ಟವೆಂದು ಕನಿಕರಪಟ್ಟು, ಯಂತ್ರಕ್ಕೆ ಒಂದು ಗುಂಡಿಯನ್ನೂ ಇಡಲಿಲ್ಲ. ಓದುಬರಹ ಬಾರದ ಒಬ್ಬ ಅಜ್ಜಿಯನ್ನು ಈ ಕಣಿವೆಯಲ್ಲಿ ಹುಡುಕಿ ತೋರಿಸುತ್ತೀರಾ?

ಕೇಳಿಯೇ ಮಾಡಿದ್ದೇವೆ ಎನ್ನುತ್ತೀರಿ. ಹೌದು, ವಸಂತದಲ್ಲಿ ತಮ್ಮ ಕಚೇರಿಯ ಮೂವರು ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ, “ಇಂಥ ಯಂತ್ರ ಬಂದ್ರೆ ಚೆನ್ನಾಗಿರುತ್ತಲ್ವಾ ಅಜ್ಜಿ?” ಎಂದು ಕೇಳಿದರು. “ಚೆನ್ನಾಗಿರುತ್ತಪ್ಪ, ಇನ್ನೊಂದು ಬೋರ್ಸೋಕ್ ತಗೋ, ಈಗಷ್ಟೇ ಎಣ್ಣೇಲಿ ಕರಿದದ್ದು, ಬಿಸಿ ಇದೆ,” ಎಂದರು ಅತ್ತೆ. ಮನೆಗೆ ಬಂದ ಅತಿಥಿಗೆ ಇಲ್ಲವೆನ್ನುವವರು ಯಾರು? ಅತ್ತೆಯ ಮರ್ಯಾದೆಯನ್ನು ತಾವು ಒಪ್ಪಿಗೆಯೆಂದು ಬರೆದುಕೊಂಡಿರಿ. ‘ಕಳೆದ ಸಲ ಕಿಟಕಿಯಲ್ಲಿ ಏನು ಮಾಡಿದಿರಿ?’ ಎಂದು ಕೇಳಿದ್ದರೆ ಚೀಟಿಯ ಕಥೆ ತಾನಾಗಿ ಬರುತ್ತಿತ್ತು.

ಮಂಗಳವಾರ ಆ ಯಂತ್ರದ ಮುಂದೆ ತಿಲೆಕ್ ಅಳುವುದನ್ನೂ ನಿಲ್ಲಿಸಿದ. ಅವನ ಕಣ್ಣು ತೇಲಿತು. ನಾನು ಮಾವನ ಹೆಸರನ್ನು ಕೂಗಿದೆ. ಬಾಗಿಲು ತೆರೆಯಿತು.

ಮಗು ಈಗ ಹುಷಾರು. ಅತ್ತೆ ನನ್ನನ್ನು ಬೈಯಲಿಲ್ಲ. ಇಂದು ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು, “ನಿನ್ನ ಬಾಯಲ್ಲಿ ಹೇಳಿಸಿಬಿಡ್ತಲ್ಲ ಅದು. ಕೂತ್ಕೊ, ಬರಿ. ಬಿಡಬೇಡ ಅವರನ್ನ,” ಎಂದರು.

ಬುರ್ಮಾ ಅಪಾರನ್ನು ಸೋಮವಾರದೊಳಗೆ ಅದೇ ಕಿಟಕಿಗೆ ಕರೆಸಿ. ಮುಂದಿನ ಸಲ ಏನಾದರೂ ಹೊಸದು ಮಾಡುವ ಮೊದಲು ನಮ್ಮ ಚಹಾಕ್ಕೆ ಬರಬೇಡಿ. ನಮ್ಮ ಸಾಲಿಗೆ ಬಂದು ನಿಲ್ಲಿ.

ಇಂತಿ,
ತಿಲೆಕ್ ಕಾದಿರ್ಕುಲೊವ್‌ನ ತಾಯಿ
(ಬರೆದಿದ್ದೇನೆ, ನೋಡಿ. ಒಂದು ಚೀಟಿ ಸಾಕಿತ್ತು.)