ಸೇಬಿನ ಮೇಲೆ ಬಿದ್ದ ಡ್ರೋನು

ಸೆಪ್ಟೆಂಬರ್ 13, ಶನಿವಾರ. ಚಾಚಕ್, ಸರ್ಬಿಯಾ.

ನನ್ನ ಹೆಂಡತಿಯ ತಮ್ಮ ಸ್ರೆಟೆನ್ ಎಂಬ ಪ್ರಾಣಿಯನ್ನು ದೇವರು ಯಾವ ಅಗ್ಗದ ಅಂಗಡಿಯಿಂದ ತಂದನೋ ತಿಳಿಯದು. ನಾನು ಮದುವೆಗಳ ವಿಡಿಯೋ ತೆಗೆಯುವ ಡ್ರೋನಿನ ಅಸಲಿ ಬ್ಯಾಟರಿಗೆ ಇಪ್ಪತ್ತು ಸಾವಿರ ದಿನಾರ್. "ಇದು ಬರೀ ಎಂಟು ಸಾವಿರ ಭಾವ, ಕಾರ್ಖಾನೆ ಒಂದೇ, ಮೇಲಿನ ಚೀಟಿ ಮಾತ್ರ ಬೇರೆ" ಎಂದಿದ್ದ. ನಂಬಿದೆ. ನನ್ನ ತಲೆಯೂ ನಕಲಿಯೇ ಇರಬೇಕು.

ಇವತ್ತಿನ ಮದುವೆಯಲ್ಲಿ ವರ ಒಗ್ನೆನ್ ಹೆಣ್ಣಿನ ಮನೆಯ ಬಾಗಿಲು ದಾಟಬೇಕಾದರೆ, ಇಲ್ಲಿನ ಪದ್ಧತಿಯಂತೆ, ಗಳುವಿನ ತುದಿಗೆ ಕಟ್ಟಿದ ಸೇಬನ್ನು ಗುಂಡು ಹೊಡೆದು ಬೀಳಿಸಬೇಕಿತ್ತು. ಹನ್ನೊಂದು ಗುಂಡು ಆಕಾಶದ ಪಾಲಾದವು. ಹನ್ನೆರಡನೆಯದು ಸಿಡಿದ ಕ್ಷಣಕ್ಕೇ, ನಲವತ್ತಾರು ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ಕಣ್ಣು ಮುಚ್ಚಿತು. ಸೇಬಿನ ನೆತ್ತಿಯ ಮೇಲೆ ಹಾರುತ್ತಾ ಚಿತ್ರ ತೆಗೆಯುತ್ತಿದ್ದ ಡ್ರೋನು ಸತ್ತ ಕಾಗೆಯಂತೆ ಅದರ ಮೇಲೇ ಬಿದ್ದು, ಎರಡೂ ಅಂಗಳಕ್ಕುರುಳಿದವು.

"ಒಂದೇ ಗುಂಡಿಗೆ ಎರಡೂ! ಭಲೇ ಮಗನೇ!" ಎಂದು ಗಂಡಿನ ಕಡೆಯವರು ಕುಣಿದರು.

ಹೆಣ್ಣಿನಪ್ಪ ನನ್ನತ್ತ ತಿರುಗಿ, "ಏನ್ರೀ, ನಿಜವಾಗ್ಲೂ ಗುಂಡು ತಗಲಿತಾ?" ಎಂದರು.

ಇಲ್ಲವೆಂದರೆ ಇನ್ನೂರು ಜನರೆದುರು ಅಗ್ಗದ ಬ್ಯಾಟರಿಯ ಕಥೆ ಹೊರಬೀಳುತ್ತದೆ. ಆಮೇಲೆ ಈ ಸೀಮೆಯಲ್ಲಿ ನನ್ನನ್ನು ಯಾವ ಮದುವೆಗೂ ಕರೆಯುವುದಿಲ್ಲ. "ತಗಲಿತು" ಎಂದೆ. ಬಾಗಿಲು ತೆರೆಯಿತು.

"ನೋಡ್ದ್ಯಾ ಭಾವ, ಮದುವೆ ಮಾಡಿಸಿದ್ದೇ ನನ್ ಬ್ಯಾಟರಿ" ಎಂದು ಸ್ರೆಟೆನ್ ಹಲ್ಲು ಕಿರಿದ. ಆ ಹಲ್ಲುಗಳನ್ನು ಉದುರಿಸಿ ಅವನ ಕೈಗೇ ಕೊಡುವ ದಿನ ದೂರವಿಲ್ಲ.

ನಾಳೆ ಬೆಳಿಗ್ಗೆ ಒಗ್ನೆನ್ ಬರುತ್ತಾನಂತೆ. ಡ್ರೋನಿಗೆ ಗುಂಡು ಹೊಕ್ಕ ತೂತಿನ ಪಕ್ಕ ನಿಂತು ಹೆಂಡತಿಯೊಂದಿಗೆ ಫೋಟೋ ತೆಗೆಸಿಕೊಳ್ಳಬೇಕಂತೆ. ರಿಪೇರಿಯಾಗಬಹುದಾಗಿದ್ದ ಡ್ರೋನಿಗೆ ಇನ್ನು ನನ್ನ ಕೈಯಾರೆ ತೂತು ಕೊರೆಯಬೇಕು. ಡ್ರಿಲ್ ಹಿಡಿದು ಕೂತಿದ್ದೇನೆ. ಗುಂಡು ಯಾವ ಕಡೆಯಿಂದ ಬಂದಿತ್ತು ಅಂತ ಮೊದಲು ತೀರ್ಮಾನ ಮಾಡಬೇಕು.